ಹಾಡಿನ ಹಿಂದೆ ಸುಯ್ ಅನ್ನುವ ಸದ್ದು: ಹೊಸ ಮೈಕ್ ಕೊಳ್ಳುವ ಮುಂಚೆ

ಪ್ರಶ್ನೆ: ಮಲಗುವ ಕೋಣೆಯಲ್ಲೇ ಹಾಡು ರೆಕಾರ್ಡ್ ಮಾಡುತ್ತೇನೆ. ಒಂದು ಕಂಡೆನ್ಸರ್ ಮೈಕ್, ಎರಡು ಇನ್‌ಪುಟ್ ಇರುವ ಸಾಧಾರಣ ಆಡಿಯೋ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಡಬ್ಬಿ), ಒಂದು ಲ್ಯಾಪ್‌ಟಾಪ್ ಇವೆ. ಹಾಡು ಮತ್ತು ಅಕೌಸ್ಟಿಕ್ ಗಿಟಾರ್‌ಗೆ ಮೈಕ್ ಇಡುತ್ತೇನೆ, ಎಲೆಕ್ಟ್ರಿಕ್ ಗಿಟಾರನ್ನು ನೇರವಾಗಿ ಇಂಟರ್‌ಫೇಸ್‌ಗೆ ಚುಚ್ಚುತ್ತೇನೆ. ಒಂದೊಂದೇ ಟ್ರ್ಯಾಕ್ ಕೇಳಿದರೆ ಪರವಾಗಿಲ್ಲ. ಎಂಟು ಟ್ರ್ಯಾಕ್ ಸೇರಿಸಿ, ಜೋರು ಮೆಲುಗಳ ಅಂತರ ಕಡಿಮೆ ಮಾಡುವ ಕಂಪ್ರೆಸರ್ ಹಾಕಿದರೆ ಹಿಂದೆ ಸುಯ್ ಅನ್ನುವ ಸದ್ದು ಎದ್ದು ಬರುತ್ತದೆ. ಕೆಲವು ಸಲ ಗುಂಯ್ ಅಂತ ಹಮ್ ಕೂಡ ಇರುತ್ತದೆ. ನಾಯ್ಸ್ ತೆಗೆಯುವ ಪ್ಲಗಿನ್ ಹಾಕಿದರೆ ದನಿ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ಒಳ್ಳೆಯ ಮೈಕ್ ತಗೊಳ್ಳಲಾ? ಗೋಡೆಗೆ ಫೋಮ್ ಅಂಟಿಸಲಾ?

ಉತ್ತರ: ಮೈಕ್ ಸದ್ಯಕ್ಕೆ ಬೇಡ. ತೆಳು ಫೋಮ್ ಅಂತೂ ಬೇಡವೇ ಬೇಡ. ಎರಡಕ್ಕೂ ಕಾರಣ ಮುಂದೆ ಹೇಳುತ್ತೇನೆ.

ನಿಮ್ಮ ರೆಕಾರ್ಡಿಂಗ್‌ನಲ್ಲಿ ಇರುವುದು ಒಂದು ಸದ್ದಲ್ಲ, ಕನಿಷ್ಠ ಮೂರು. ಒಂದು ಕೋಣೆಯದು. ಲ್ಯಾಪ್‌ಟಾಪ್ ಫ್ಯಾನ್, ಪಕ್ಕದ ಕೋಣೆಯ ಫ್ರಿಜ್, ದೂರದ ರಸ್ತೆ, ಎಲ್ಲ ಸೇರಿದ ಸದ್ದು. ಎರಡನೆಯದು ಎಲೆಕ್ಟ್ರಾನಿಕ್ಸ್ ಒಳಗೇ ಹುಟ್ಟುವ ಸುಯ್. ಮೂರನೆಯದು ಕರೆಂಟ್ ಲೈನಿನಿಂದ ನುಸುಳುವ ಹಮ್. ಮೂರೂ ಹುಟ್ಟುವ ಜಾಗ ಬೇರೆ, ಮದ್ದೂ ಬೇರೆ. ಒಂದಕ್ಕೆ ಕೊಡಬೇಕಾದ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ದುಡ್ಡು ಹೋಗುತ್ತದೆ, ಸದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಮೊದಲು ಸದ್ದಿನ ಮೂಲ ಹುಡುಕಬೇಕು.

ಹುಡುಕುವುದು ಕಷ್ಟವೇನಲ್ಲ. ನೀವು ಹಾಡುವಾಗ ಇಡುವ ಜಾಗದಲ್ಲೇ ಮೈಕ್ ಇಡಿ. ಗೇನ್ (ಮೈಕಿನ ಸಿಗ್ನಲನ್ನು ಎಷ್ಟು ಎತ್ತಬೇಕು ಅನ್ನುವ ಗುಂಡಿ) ಕೂಡ ಹಾಡುವಾಗ ಎಷ್ಟಿರುತ್ತದೋ ಅಷ್ಟೇ ಇರಲಿ. ಅರ್ಧ ನಿಮಿಷ ಏನೂ ಮಾಡದೆ ಸುಮ್ನೆ ರೆಕಾರ್ಡ್ ಮಾಡಿ. ಆಮೇಲೆ ಅದೇ ಗೇನ್‌ನಲ್ಲಿ, ಮೈಕನ್ನು ದಪ್ಪ ಹೊದಿಕೆಯಲ್ಲಿ ಸುತ್ತಿ, ಬಟ್ಟೆ ತುಂಬಿದ ಬೀರುವಿನೊಳಗೆ ಇಟ್ಟು, ಬಾಗಿಲು ಆದಷ್ಟು ಮುಚ್ಚಿ ಮತ್ತೆ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿ. ಎರಡನೆಯದರಲ್ಲಿ ಸದ್ದು ಚೆನ್ನಾಗಿ ಇಳಿದಿದ್ದರೆ ತಪ್ಪು ಕೋಣೆಯದು. ಒಂದಿಷ್ಟೂ ಇಳಿಯದೆ ಅದೇ ಸುಯ್ ಇದ್ದರೆ ಅದು ಮೈಕ್ ಅಥವಾ ಇಂಟರ್‌ಫೇಸ್‌ನ ಒಳಗಿನದು. ಇನ್ನು ಗೇನ್ ಗುಂಡಿಯನ್ನು ಪೂರ್ತಿ ಇಳಿಸಿ ಒಮ್ಮೆ ರೆಕಾರ್ಡ್ ಮಾಡಿ. ಆಗಲೂ ಸದ್ದು ಅಷ್ಟೇ ಇದ್ದರೆ ಅದು ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲನ್ನು ಎತ್ತುವ, ಇಂಟರ್‌ಫೇಸ್ ಒಳಗಿನ ಭಾಗ) ದಾಟಿದ ಮೇಲೆ ಸೇರಿಕೊಳ್ಳುತ್ತಿದೆ ಅಂತ ಅರ್ಥ.

ಇದರ ಜೊತೆಗೆ ಇನ್ನೊಂದು ಪರೀಕ್ಷೆ. ರೆಕಾರ್ಡ್ ಆದ ಫೈಲನ್ನು ಫೋನಿಗೆ ಹಾಕಿಕೊಂಡು ಬೇರೆ ಹೆಡ್‌ಫೋನ್‌ನಲ್ಲಿ ಕೇಳಿ. ಎಷ್ಟೋ ಸಲ ಹಮ್ ಇರುವುದು ಸ್ಪೀಕರ್ ಅಥವಾ ಹೆಡ್‌ಫೋನ್ ಔಟ್‌ಪುಟ್‌ನಲ್ಲಿ ಮಾತ್ರ. ಫೈಲ್ ಶುದ್ಧವಾಗಿಯೇ ಇರುತ್ತದೆ. ಇಲ್ಲದ ಹಮ್ ತೆಗೆಯಲು ಹೋಗಿ ಹಾಡಿನ ತಳದ ಸ್ವರಗಳನ್ನೇ ಕತ್ತರಿಸಿಕೊಂಡವರಿದ್ದಾರೆ.

ನಿಮ್ಮ ಹಾಗೆ ಮಲಗುವ ಕೋಣೆಯಲ್ಲಿ ರೆಕಾರ್ಡ್ ಮಾಡುವವರಲ್ಲಿ ಹೆಚ್ಚಿನವರಿಗೆ ಬೀರುವಿನ ಪರೀಕ್ಷೆ ಕೋಣೆಯ ಕಡೆಗೇ ಬೆರಳು ತೋರಿಸುತ್ತದೆ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಪ್ರತಿ ಕಂಡೆನ್ಸರ್ ಮೈಕ್‌ಗೂ ತನ್ನದೇ ಆದ ಒಳಗಿನ ಸದ್ದು ಇರುತ್ತದೆ. ಮೈಕ್ ಜೊತೆ ಬರುವ ಹಾಳೆಯಲ್ಲಿ ಅದನ್ನು ಸೆಲ್ಫ್ ನಾಯ್ಸ್ ಅಂತ ಬರೆದಿರುತ್ತಾರೆ. ತುಂಬ ನಿಶ್ಶಬ್ದ ಮೈಕ್‌ಗಳಲ್ಲಿ ಅದು 5 ಡೆಸಿಬೆಲ್ ಆಸುಪಾಸು. ಸಾಧಾರಣ ಮೈಕ್‌ಗಳಲ್ಲಿ 15ರಿಂದ 20. ರಾತ್ರಿ ಹೊತ್ತಿನ ಒಳ್ಳೆಯ ಶಾಂತ ಕೋಣೆ ಅಂದರೂ 25ರಿಂದ 30 ಡೆಸಿಬೆಲ್ ಇರುತ್ತದೆ. ಕೋಣೆ 28, ಮೈಕ್ 15 ಅಂದುಕೊಳ್ಳಿ. ಎರಡೂ ಸೇರಿದರೆ 28ಕ್ಕಿಂತ ಕಾಲು ಡೆಸಿಬೆಲ್‌ನಷ್ಟು ಜಾಸ್ತಿ, ಅಷ್ಟೇ. ಈಗ ದುಬಾರಿ ಮೈಕ್ ತಂದು 15ನ್ನು 5ಕ್ಕೆ ಇಳಿಸಿದಿರಿ ಅನ್ನಿ. ಒಟ್ಟು ಸದ್ದು ಮತ್ತೆ 28ರ ಹತ್ತಿರವೇ. ಕಿವಿಗೆ ಏನೂ ಬದಲಾಗುವುದಿಲ್ಲ. ಕೋಣೆಯ ಸದ್ದು ಹೆಚ್ಚಾಗಿ ತಗ್ಗು ಸ್ವರಗಳಲ್ಲಿ ಇರುವುದರಿಂದ ಮೇಲಿನ ಸ್ವರಗಳ ಕಡೆ ಸ್ವಲ್ಪ ವ್ಯತ್ಯಾಸ ಕೇಳಿಸಬಹುದು. ಆದರೆ ಅದಕ್ಕಾಗಿ ಮೊದಲ ಖರ್ಚು ಮಾಡುವುದು ಸರಿಯಲ್ಲ.

ಪ್ರೀಆಂಪ್ ಕಥೆಯೂ ಇದೇ. 1928ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಜಾನ್ ಜಾನ್ಸನ್ ಮತ್ತು ಹ್ಯಾರಿ ನೈಕ್ವಿಸ್ಟ್ ಒಂದು ವಿಷಯ ಬರೆದಿಟ್ಟರು. ಯಾವುದೇ ರೆಸಿಸ್ಟರ್ ಆಗಲಿ, ಬಿಸಿಯಿಂದಾಗಿ ಅದರೊಳಗಿನ ಎಲೆಕ್ಟ್ರಾನ್‌ಗಳು ಅಲುಗಾಡುತ್ತಲೇ ಇರುತ್ತವೆ, ಆ ಅಲುಗಾಟವೇ ಸಣ್ಣ ಸುಯ್ ಆಗಿ ಹೊರಗೆ ಬರುತ್ತದೆ. ಇದನ್ನು ಯಾವ ಕಂಪನಿಯೂ ತಪ್ಪಿಸಲಾರದು. 150 ಓಮ್ ಮೈಕ್ ಒಂದಕ್ಕೆ ಈ ಮಿತಿ ಸುಮಾರು ಮೈನಸ್ 131 ಡಿಬಿಯು (ಸಿಗ್ನಲಿನ ಡೆಸಿಬೆಲ್ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಸುಯ್ ಕಡಿಮೆ). ಇವತ್ತಿನ ಸಾಧಾರಣ ಇಂಟರ್‌ಫೇಸ್‌ಗಳಲ್ಲೂ ಎಷ್ಟೋ ಮೈನಸ್ 127, 128ರ ತನಕ ಬರುತ್ತವೆ. ಅಂದರೆ ಪ್ರಕೃತಿ ಹಾಕಿದ ಗೆರೆಗೂ ನಿಮ್ಮ ಡಬ್ಬಿಗೂ ನಡುವೆ ಇರುವುದು ಮೂರು ನಾಲ್ಕು ಡೆಸಿಬೆಲ್. ಎಷ್ಟೇ ದುಬಾರಿ ಪ್ರೀಆಂಪ್ ತಂದರೂ ಅದಕ್ಕಿಂತ ಜಾಸ್ತಿ ಸಿಗುವುದಿಲ್ಲ.

ಹಾಗಾದರೆ ಎಂಟು ಟ್ರ್ಯಾಕ್ ಸೇರಿದಾಗ ಮಾತ್ರ ಸುಯ್ ಯಾಕೆ ಎದ್ದು ಬರುತ್ತದೆ? ಬೇರೆ ಬೇರೆ ಹೊತ್ತಿನಲ್ಲಿ ರೆಕಾರ್ಡ್ ಆದ ಸದ್ದುಗಳನ್ನು ಸೇರಿಸಿದಾಗ, ಟ್ರ್ಯಾಕ್ ಎರಡರಷ್ಟಾದಾಗಲೆಲ್ಲ ಸದ್ದು 3 ಡೆಸಿಬೆಲ್ ಏರುತ್ತದೆ. ಎಂಟಾದರೆ 9. ಅದರ ಮೇಲೆ ಕಂಪ್ರೆಸರ್. ಜೋರಾದ ಕಡೆ 6 ಡೆಸಿಬೆಲ್ ತಗ್ಗಿಸಿ, ಆಮೇಲೆ ಒಟ್ಟಾರೆ 6 ಎತ್ತಿದರೆ, ನೀವು ಹಾಡದೆ ಸುಮ್ಮನಿದ್ದ ಜಾಗದಲ್ಲಿ ಸದ್ದು ಪೂರ್ತಿ 6 ಏರಿತು. ಒಟ್ಟು 15. ಒಂದು ಟ್ರ್ಯಾಕ್‌ನಲ್ಲಿ ಕಿವಿಗೇ ಬೀಳದ ಸುಯ್, 15 ಡೆಸಿಬೆಲ್ ಏರಿದ ಮೇಲೆ ಎದುರಿಗೆ ಬಂದು ನಿಲ್ಲುತ್ತದೆ. ನಿಮ್ಮ ಕೈಯಿಂದ ಯಾವ ತಪ್ಪೂ ಆಗಿಲ್ಲ. ಈ 15ನ್ನು ಎಲ್ಲಿಂದ ವಾಪಸ್ ತರುವುದು ಅನ್ನುವುದೇ ಈಗ ಇರುವ ಕೆಲಸ.

ಗೇನ್ ಇಳಿಸಿದರೆ ಬರುತ್ತದಾ? ಬರುವುದಿಲ್ಲ. ಗೇನ್ ಇಳಿಸಿದರೆ ಕೋಣೆಯ ಸದ್ದು ಇಳಿಯುತ್ತದೆ, ದನಿಯೂ ಅಷ್ಟೇ ಇಳಿಯುತ್ತದೆ. ನಮಗೆ ಬೇಕಾಗಿರುವುದು ಎರಡರ ನಡುವಿನ ಅಂತರ. ಅಂತರ ಹೆಚ್ಚಿಸಲು ಎಲ್ಲಕ್ಕಿಂತ ಸುಲಭದ ದಾರಿ ಮೈಕ್ ಹತ್ತಿರ ಹೋಗುವುದು. ದೂರ ಅರ್ಧವಾದರೆ ಮೈಕ್ ತಲುಪುವ ದನಿ 6 ಡೆಸಿಬೆಲ್ ಏರುತ್ತದೆ. ಕೋಣೆಯ ಸದ್ದು ಇದ್ದಷ್ಟೇ ಇರುತ್ತದೆ, ಮೈಕಿನ ಒಳಗಿನ ಸುಯ್ ಕೂಡ. ನೀವು 60 ಸೆಂಟಿಮೀಟರ್ ದೂರ ನಿಂತು ಹಾಡುತ್ತಿದ್ದರೆ, 15 ಸೆಂಟಿಮೀಟರ್‌ಗೆ ಬಂದರೆ 12 ಡೆಸಿಬೆಲ್ ಸಿಕ್ಕಿತು. ಗೇನನ್ನು 12 ಇಳಿಸಿ, ದನಿ ಮೊದಲಿನಷ್ಟೇ ಇರುತ್ತದೆ, ಸದ್ದು ಮಾತ್ರ 12 ಕೆಳಗೆ. ಇದಕ್ಕೆ ಒಂದು ಬಿಡಿಗಾಸು ಖರ್ಚಿಲ್ಲ. ಕೋಣೆಯ ಗುಂಗುಡುವ ಪ್ರತಿಧ್ವನಿಯೂ ಇದರಲ್ಲೇ ಕಡಿಮೆಯಾಗುತ್ತದೆ.

ಹತ್ತಿರ ಬಂದಾಗ ಎರಡು ತೊಂದರೆ ಬರುತ್ತವೆ. ಒಂದು, ‘ಪ’ ‘ಬ’ ‘ಫ’ ಅನ್ನುವಾಗ ಬಾಯಿಂದ ಹೊರಡುವ ಗಾಳಿ ಮೈಕಿಗೆ ಬಡಿದು ಧಪ್ ಅನ್ನುತ್ತದೆ. ಪಾಪ್ ಫಿಲ್ಟರನ್ನು ಮೈಕ್ ಮತ್ತು ಬಾಯಿಯ ನಡುವೆ ಇಡಿ, ಮೈಕನ್ನು ಬಾಯಿಗೆ ನೇರ ಎದುರಿಗಿಡದೆ ಸ್ವಲ್ಪ ಪಕ್ಕಕ್ಕೆ ಅಥವಾ ಮೂಗಿನ ಮಟ್ಟಕ್ಕೆ ಇಟ್ಟು ಬಾಯಿಯ ಕಡೆಗೆ ತಿರುಗಿಸಿ. ಎರಡು, ಕಾರ್ಡಿಯಾಯ್ಡ್ ಮೈಕ್‌ಗಳು (ಮುಖ್ಯವಾಗಿ ಎದುರಿನ ಸದ್ದನ್ನೇ ಹಿಡಿಯುವಂಥವು) ಹತ್ತಿರದ ದನಿಯ ತಗ್ಗು ಸ್ವರಗಳನ್ನು ಉಬ್ಬಿಸುತ್ತವೆ. ದನಿ ದಪ್ಪಗಾಗುತ್ತದೆ. ಇದನ್ನು ಆಮೇಲೆ ಈಕ್ವಲೈಸರ್‌ನಲ್ಲಿ ತಗ್ಗಿಸಬಹುದು, ಹಾಗೆ ತಗ್ಗಿಸುವಾಗ ರಸ್ತೆಯ ಗುಡುಗುಡು ಕೂಡ ಅದರ ಜೊತೆಗೇ ಇಳಿಯುತ್ತದೆ. ಹಾಗಾಗಿ ಇದು ನಷ್ಟವಲ್ಲ. ಅಕೌಸ್ಟಿಕ್ ಗಿಟಾರ್‌ಗೆ ಕುತ್ತಿಗೆ ಮತ್ತು ಒಡಲು ಸೇರುವ ಜಾಗದ ಎದುರು, 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಇಡಿ. ಅದಕ್ಕಿಂತ ಹತ್ತಿರ ಬಂದರೆ ಬೆರಳು ಜಾರುವ ಕೀರಲು ಸದ್ದು ಜಾಸ್ತಿಯಾಗುತ್ತದೆ. ನಡುವಿನ ದೊಡ್ಡ ತೂತಿನ ನೇರ ಎದುರಿಗೆ ಇಡಬೇಡಿ, ಗುಂ ಅನ್ನುತ್ತದೆ.

ಈಗ ಮೈಕಿನ ಬೆನ್ನಿನ ವಿಷಯ. ಇದಕ್ಕೆ ಜನ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ, ನನಗೆ ಅದೇ ಬೇಸರ. ನಿಮ್ಮದು ಕಾರ್ಡಿಯಾಯ್ಡ್ ಮೈಕ್ ಅಂದರೆ ಅದರ ಬೆನ್ನಿನ ಕಡೆ ಕಿವಿ ಮಂದ. ಮಧ್ಯದ ಸ್ವರಗಳಲ್ಲಿ ಎದುರಿಗಿಂತ 15, 20 ಡೆಸಿಬೆಲ್ ಕಡಿಮೆ ಕೇಳುತ್ತದೆ. ಹೈಪರ್‌ಕಾರ್ಡಿಯಾಯ್ಡ್ ಆದರೆ ಆ ಮಂದ ಜಾಗ ನೇರ ಹಿಂದೆ ಇರುವುದಿಲ್ಲ, ಎದುರಿನಿಂದ ಸುಮಾರು 110 ಡಿಗ್ರಿಯಲ್ಲಿ ಎರಡು ಪಕ್ಕಕ್ಕೂ ಇರುತ್ತದೆ. ಎದುರು, ಬೆನ್ನು ಎರಡೂ ಕಡೆ ಕೇಳುವ ಫಿಗರ್ ಎಂಟು ಮೈಕಿಗೆ ಸರಿಯಾಗಿ 90 ಡಿಗ್ರಿಯಲ್ಲಿ. ಸದ್ದು ಮಾಡುವ ವಸ್ತುವನ್ನು ಆ ಜಾಗದಲ್ಲಿ ಕೂರಿಸಬೇಕು.

ಇದನ್ನು ಲೆಕ್ಕದಲ್ಲಿ ಮಾಡಬೇಡಿ, ಕಿವಿಯಲ್ಲಿ ಮಾಡಿ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲು ಹೆಡ್‌ಫೋನ್ ವಾಲ್ಯೂಮ್ ಇಳಿಸಿ, ಆಮೇಲೆ ಮೈಕ್ ಗೇನ್ ಎತ್ತಿ, ವಾಲ್ಯೂಮನ್ನು ನಿಧಾನಕ್ಕೆ ಏರಿಸಿ. ಈ ಕ್ರಮ ತಪ್ಪಿದರೆ ಕಿವಿಗೆ ಪೆಟ್ಟಾಗುತ್ತದೆ. ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ತಿರುಗುವ ಹಾಗೆ ಏನಾದರೂ ಭಾರದ ಕೆಲಸ ಕೊಡಿ. ಈಗ ಮೈಕನ್ನು ಸ್ಟ್ಯಾಂಡಿನಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋಗಿ. ಫ್ಯಾನ್ ಕಡೆ ಮುಖ ಇದ್ದಾಗ ಹರಿತವಾದ ಸದ್ದು ಕೇಳುತ್ತದೆ. ಪಕ್ಕಕ್ಕೆ ತಿರುಗಿದಂತೆ ಮೇಲಿನ ಅಂಚು ಮೊದಲು ಹೋಗುತ್ತದೆ. ಒಂದು ಹಂತದಲ್ಲಿ ಫ್ಯಾನ್ ದೂರ ಸರಿದು ಗೋಡೆಯ ಆಚೆ ಹೋದ ಹಾಗೆ ಅನ್ನಿಸುತ್ತದೆ. ಅಲ್ಲಿ ನಿಲ್ಲಿಸಿ. ಸ್ಟ್ಯಾಂಡ್ ಅಲ್ಲಾಡದಂತೆ ಬಿಗಿ ಮಾಡಿ. ಹಾಡುವವರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಇದಾದ ಮೇಲೆ ನಿರ್ಧರಿಸಿ. ಕೋಣೆಯಲ್ಲಿ ಚೆಂದ ಕಾಣುವ ಜಾಗ ನೋಡಿ ಮೊದಲು ಹಾಡುವವರನ್ನು ನಿಲ್ಲಿಸಿ, ಆಮೇಲೆ ಸದ್ದಿನ ಜೊತೆ ಗುದ್ದಾಡುವುದು ತಲೆಕೆಳಗಾದ ಕೆಲಸ.

ಒಮ್ಮೊಮ್ಮೆ ಎಷ್ಟು ತಿರುಗಿಸಿದರೂ ಫ್ಯಾನ್ ಪೂರ್ತಿ ಹೋಗುವುದಿಲ್ಲ. ಫ್ಯಾನಿನ ಸದ್ದು ಎದುರು ಗೋಡೆಗೆ ಬಡಿದು ಮೈಕಿನ ಮುಖದ ಕಡೆಯಿಂದ ವಾಪಸ್ ಬರುತ್ತಿರುತ್ತದೆ. ಅದಕ್ಕೇ ಕಂಬಳಿ, ದಪ್ಪ ಹೊದಿಕೆ ಇವನ್ನೆಲ್ಲ ಮೈಕಿನ ಹಿಂದೆ ಕಟ್ಟುವುದಕ್ಕಿಂತ ಹಾಡುವವರ ಬೆನ್ನ ಹಿಂದೆ ಕಟ್ಟಬೇಕು. ಮೈಕ್ ನೋಡುತ್ತಿರುವುದು ಆ ಕಡೆಯನ್ನು ಅಲ್ವಾ? ಗೋಡೆಗೆ ಅಂಟಿಸದೆ ಒಂದಿಷ್ಟು ಜಾಗ ಬಿಟ್ಟು ಇಳಿಬಿಟ್ಟರೆ ಇನ್ನೂ ಒಳ್ಳೆಯದು.

ಫೋಮ್ ಬೇಡ ಅಂದಿದ್ದು ಇದಕ್ಕೇ. ಎರಡೂವರೆ ಸೆಂಟಿಮೀಟರ್ ದಪ್ಪದ ಫೋಮ್ ಚೆನ್ನಾಗಿ ಹೀರುವುದು ಮೇಲಿನ ಸ್ವರಗಳನ್ನು ಮಾತ್ರ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 100 ಹರ್ಟ್ಸ್ ಸ್ವರದ ಒಂದು ಅಲೆ 3.4 ಮೀಟರ್ ಉದ್ದ. ಗೋಡೆಗಂಟಿದ ವಸ್ತು ಅದನ್ನು ಚೆನ್ನಾಗಿ ಹೀರಬೇಕಾದರೆ ಅದರ ಕಾಲುಭಾಗ, ಅಂದರೆ 86 ಸೆಂಟಿಮೀಟರ್ ಆಸುಪಾಸು ದಪ್ಪ ಬೇಕಾಗುತ್ತದೆ. ತೆಳು ಫೋಮ್ ಕೋಣೆ ತುಂಬ ಅಂಟಿಸಿದರೆ ಹೊಳಪೆಲ್ಲ ಸತ್ತು, ತಗ್ಗಿನ ಗುಂಗು ಹಾಗೇ ಉಳಿಯುತ್ತದೆ. ದನಿ ಡಬ್ಬದೊಳಗೆ ಹಾಡಿದಂತೆ ಆಗುತ್ತದೆ. ಹೊರಗಿನ ರಸ್ತೆಯ ಸದ್ದನ್ನಂತೂ ಅದು ಒಂದಿಷ್ಟೂ ತಡೆಯುವುದಿಲ್ಲ. ಮೊಟ್ಟೆಯ ಟ್ರೇ ಕೂಡ ಅಷ್ಟೇ. ಹೀರುವುದು ಬೇರೆ, ತಡೆಯುವುದು ಬೇರೆ. ತಡೆಯಲು ಭಾರ ಬೇಕು, ಸಂದಿಲ್ಲದ ಮುಚ್ಚುಗೆ ಬೇಕು. ಗೋಡೆಯ ತೂಕ ಎರಡರಷ್ಟು ಮಾಡಿದರೆ ಸಿಗುವುದು ಹೆಚ್ಚೆಂದರೆ 6 ಡೆಸಿಬೆಲ್. ಬಾಡಿಗೆ ಮನೆಯಲ್ಲಿ ಇದೆಲ್ಲ ಆಗದ ಮಾತು. ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಕಿಟಕಿ ಭದ್ರವಾಗಿ ಮುಚ್ಚಿ, ಶಾಂತ ಹೊತ್ತು ನೋಡಿ ಹಾಡಿ. ಫ್ರಿಜ್ ಆರಿಸುವುದಾದರೆ ಮತ್ತೆ ಹಾಕಲು ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ.

ವೇದಿಕೆಯಲ್ಲಿ ಕೈಯಲ್ಲಿ ಹಿಡಿದು ಹಾಡುವಂಥ ಡೈನಾಮಿಕ್ ಮೈಕ್ ತಗೊಂಡರೆ ಕೋಣೆಯ ಸದ್ದು ಬರುವುದಿಲ್ಲ ಅಂತ ತುಂಬ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಡೈನಾಮಿಕ್ ಮೈಕಿಗೆ ಜನ ತುಟಿ ತಾಗಿಸಿಕೊಂಡು ಹಾಡುತ್ತಾರೆ, ಕಂಡೆನ್ಸರ್‌ನಿಂದ ದೂರ ನಿಲ್ಲುತ್ತಾರೆ. ವ್ಯತ್ಯಾಸ ಬರುವುದು ಆ ದೂರದಿಂದ. ಎರಡನ್ನೂ ಒಂದೇ ದೂರದಲ್ಲಿ, ಒಂದೇ ಬಗೆಯ ದಿಕ್ಕಿನ ಗುಣ ಇಟ್ಟುಕೊಂಡು ಹೋಲಿಸಿದರೆ ಕೋಣೆಯ ಸದ್ದಿನ ಅಂತರ ಹೆಚ್ಚುಕಮ್ಮಿ ಒಂದೇ. ಇನ್ನೊಂದು ಕಡೆ ಡೈನಾಮಿಕ್ ಮೈಕಿನ ಸಿಗ್ನಲ್ ಬಹಳ ಸಣ್ಣದು. ಎಲ್ಲರಿಗೂ ಗೊತ್ತಿರುವ ಶೂರ್ ಎಸ್‌ಎಂ58 ಒಂದು ಪಾಸ್ಕಲ್ ಸದ್ದಿಗೆ 1.85 ಮಿಲಿವೋಲ್ಟ್ ಕೊಡುತ್ತದೆ. ಎಷ್ಟೋ ಕಂಡೆನ್ಸರ್‌ಗಳು ಅದರ ಹತ್ತರಷ್ಟು ಕೊಡುತ್ತವೆ. ಮೆಲುದನಿಯ ಹಾಡಿಗೆ ಡೈನಾಮಿಕ್ ಬಳಸಿದರೆ ಗೇನನ್ನು ಕೊನೆಯ ತನಕ ತಿರುಗಿಸಬೇಕಾಗುತ್ತದೆ, ಆಗ ಪ್ರೀಆಂಪ್‌ನ ಸುಯ್ ನಿಜವಾಗಿಯೂ ಕೇಳಿಸತೊಡಗುತ್ತದೆ. ನಿಮ್ಮ ಕಂಡೆನ್ಸರ್ ನಿಮ್ಮ ಕೆಲಸಕ್ಕೆ ಸರಿಯಾಗಿಯೇ ಇದೆ.

ಲೆವೆಲ್ ಎಷ್ಟಿಡಬೇಕು? 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಜೋರಾಗಿ ಹಾಡಿದಾಗ ಮೀಟರ್ ಮೈನಸ್ 12, ಮೈನಸ್ 10ರ ತನಕ ಬಂದರೆ ಸಾಕು. ಕೆಂಪು ಗೆರೆಯ ಹತ್ತಿರ ಹೋಗಬೇಕು ಅನ್ನುವುದು ಟೇಪ್ ಕಾಲದ ಅಭ್ಯಾಸ. ಆಗ ಟೇಪಿನದೇ ದೊಡ್ಡ ಸುಯ್ ಇರುತ್ತಿತ್ತು. ರೇ ಡಾಲ್ಬಿ 1965ರಲ್ಲಿ ತಂದ ವಿಧಾನ ಮೆಲು ಸದ್ದುಗಳನ್ನು ಎತ್ತಿ ಟೇಪಿಗೆ ಬರೆದು, ನುಡಿಸುವಾಗ ಅಷ್ಟೇ ತಗ್ಗಿಸಿ, ಆ ಸುಯ್ಯನ್ನು 10 ಡೆಸಿಬೆಲ್‌ನಷ್ಟು ಕೆಳಗೆ ತಳ್ಳಿತು. ಇವತ್ತು 24 ಬಿಟ್‌ನ ಲೆಕ್ಕದ ಹರವು 144 ಡೆಸಿಬೆಲ್, ಸಿಗ್ನಲನ್ನು ಅಂಕಿಗಳಾಗಿ ಬದಲಿಸುವ ಕನ್ವರ್ಟರ್‌ಗಳು ನಿಜಕ್ಕೂ ಕೊಡುವುದು 110ರ ಆಸುಪಾಸು. ಅಷ್ಟಿದ್ದರೂ ಕೋಣೆಯ ಸದ್ದಿಗಿಂತ ಬಹಳ ಕೆಳಗೆ. ಹಾಗಂತ ಮೈನಸ್ 40ರಲ್ಲಿ ರೆಕಾರ್ಡ್ ಮಾಡುವುದೂ ಬೇಡ. ಗೇನ್ ತೀರಾ ಇಳಿಸಿದರೆ ಎಷ್ಟೋ ಪ್ರೀಆಂಪ್‌ಗಳ ಗುಣ ಕೆಡುತ್ತದೆ.

ಇನ್ನು ಹಮ್. ಮನೆಯ ಕರೆಂಟ್ ಸೆಕೆಂಡಿಗೆ 50 ಅಥವಾ 60 ಸಲ ಏರಿಳಿಯುವ ಅಲೆ, ಯಾವ ದೇಶ ಅನ್ನುವುದರ ಮೇಲೆ ಹೋಗುತ್ತದೆ. ಹಮ್ ಅಂದರೆ ಆ ಸ್ವರ ಮತ್ತು ಅದರ ಎರಡರಷ್ಟು, ಮೂರರಷ್ಟು ಸ್ವರಗಳು. ನಯವಾಗಿ ಗುಂ ಅಂದರೆ ಸಾಮಾನ್ಯವಾಗಿ ಗ್ರೌಂಡ್ ಲೂಪ್. ಕರ್ಕಶವಾಗಿ ಝರ್ ಅಂದರೆ ಡಿಮ್ಮರ್ ಇರುವ ದೀಪವೋ ಅಗ್ಗದ ಅಡಾಪ್ಟರೋ ಇರಬಹುದು.

‘ಕೆಲವು ಸಲ ಮಾತ್ರ’ ಅಂದಿರಲ್ಲ, ಅದು ನನಗೆ ಒಳ್ಳೆಯ ಸುಳಿವು. ಹಮ್ ಬಂದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಕೀಳಿ. ಬ್ಯಾಟರಿಯಲ್ಲಿ ನಡೆಯುವಾಗ ಹಮ್ ಮಾಯವಾದರೆ ಕಳ್ಳ ಸಿಕ್ಕಿದ. ಟೇಕ್ ಮುಗಿಯುವ ತನಕ ಬ್ಯಾಟರಿಯಲ್ಲೇ ಇಟ್ಟರೆ ಸಾಕು. ಹೋಗದಿದ್ದರೆ ಇಂಟರ್‌ಫೇಸ್, ಸ್ಪೀಕರ್, ಲ್ಯಾಪ್‌ಟಾಪ್ ಎಲ್ಲವನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿ. ಬೇರೆ ಬೇರೆ ಸಾಕೆಟ್‌ನಿಂದ ಕರೆಂಟ್ ತಗೊಂಡ ಎರಡು ಉಪಕರಣಗಳನ್ನು ಆಡಿಯೋ ಕೇಬಲ್ ಜೋಡಿಸಿದಾಗ ಅರ್ಥ್ ತಂತಿಗಳ ನಡುವೆ ಒಂದು ಸುತ್ತು ಏರ್ಪಟ್ಟು ಹಮ್ ಹರಿಯುತ್ತದೆ. ಆಮೇಲೆ ಒಂದೊಂದೇ ಕೇಬಲ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ನಿಲ್ಲುತ್ತದೋ ಅಲ್ಲಿದೆ ದಾರಿ. ಗಿಟಾರ್ ಮತ್ತು ಇಂಟರ್‌ಫೇಸ್ ನಡುವೆ ಗ್ರೌಂಡ್ ಲಿಫ್ಟ್ ಸ್ವಿಚ್ (ಅರ್ಥ್ ಜೋಡಣೆ ಬಿಡಿಸುವ ಸ್ವಿಚ್) ಇರುವ ಡಿಐ ಬಾಕ್ಸ್ (ಗಿಟಾರ್ ಸಿಗ್ನಲನ್ನು ಮೈಕ್ ಇನ್‌ಪುಟ್‌ಗೆ ಹೊಂದಿಸುವ ಸಣ್ಣ ಡಬ್ಬಿ) ಹಾಕಿದರೂ ಲೂಪ್ ತುಂಡಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹಮ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಬೇಡಿ, ಟೇಪ್ ಸುತ್ತಬೇಡಿ. ಹಮ್ ಹೋಗುತ್ತದೆ, ನಿಜ. ಉಪಕರಣದ ಒಳಗೆ ಏನಾದರೂ ಕೆಟ್ಟ ದಿನ ಗಿಟಾರ್ ತಂತಿ ಹಿಡಿದ ಕೈಯಲ್ಲಿ, ಮೈಕಿಗೆ ತಾಗಿದ ತುಟಿಯಲ್ಲಿ ಕರೆಂಟ್ ಹರಿಯುತ್ತದೆ. ಹೀಗೆ ಜೀವ ಹೋದ ಸಂಗೀತಗಾರರಿದ್ದಾರೆ.

ಎಲೆಕ್ಟ್ರಿಕ್ ಗಿಟಾರ್‌ನ ಹಮ್‌ಗೆ ಇನ್ನೊಂದು ಪರೀಕ್ಷೆ ಇದೆ. ತಂತಿಗಳ ಮೇಲೆ ಅಂಗೈ ಇಡಿ. ಹಮ್ ತಟ್ಟನೆ ಇಳಿದರೆ ಗಿಟಾರ್ ಕೆಟ್ಟಿಲ್ಲ. ಸುತ್ತಲಿನ ಕರೆಂಟಿನ ಸೆಳೆತ ನಿಮ್ಮ ಮೈ ಹಿಡಿದು ಪಿಕಪ್‌ಗೆ ದಾಟಿಸುತ್ತಿತ್ತು, ತಂತಿ ಮುಟ್ಟಿದಾಗ ಅದು ಗ್ರೌಂಡ್‌ಗೆ ಹೋಯಿತು. ಉಳಿದ ಹಮ್‌ಗೆ ಕುರ್ಚಿಯಲ್ಲಿ ಕೂತಲ್ಲೇ ನಿಧಾನಕ್ಕೆ ಸುತ್ತಿ. ಸಿಂಗಲ್ ಕಾಯಿಲ್ ಪಿಕಪ್ ಆದರೆ ಯಾವುದೋ ಒಂದು ದಿಕ್ಕಿನಲ್ಲಿ ಹಮ್ ಬಹಳ ಕಡಿಮೆಯಾಗುತ್ತದೆ. ಆ ದಿಕ್ಕಿಗೆ ಮುಖ ಮಾಡಿ ನುಡಿಸಿ. ಲ್ಯಾಪ್‌ಟಾಪ್, ಅಡಾಪ್ಟರ್‌ಗಳಿಂದ ಒಂದು ಮೀಟರ್‌ಗೂ ಜಾಸ್ತಿ ದೂರ ಕೂರಿ. ಈ ಹಮ್ಮಿನ ಕಾಟಕ್ಕೇ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಕಾಯಿಲ್‌ಗಳನ್ನು ತಿರುವುಮುರುವಾಗಿ ಜೋಡಿಸಿ ಹಂಬಕರ್ ಮಾಡಿದ್ದು. ಒಂದರಲ್ಲಿ ಬಂದ ಹಮ್ ಇನ್ನೊಂದರಲ್ಲಿ ಬಂದ ಹಮ್ಮನ್ನು ಅಳಿಸಿಹಾಕುತ್ತದೆ, ತಂತಿಯ ಸದ್ದು ಮಾತ್ರ ಕೂಡಿಕೊಳ್ಳುತ್ತದೆ. ಮೈಕಿನ ಎಕ್ಸ್‌ಎಲ್‌ಆರ್ ಕೇಬಲ್ ಕೂಡ ಇದಕ್ಕೆ ಹತ್ತಿರದ ಉಪಾಯದಲ್ಲೇ ಹಮ್ ತಡೆಯುತ್ತದೆ. ಗಿಟಾರ್ ಕೇಬಲ್‌ಗೆ ಆ ರಕ್ಷಣೆ ಇಲ್ಲ, ಹಾಗಾಗಿ ಅದು ಗಿಡ್ಡ ಇದ್ದಷ್ಟೂ ಒಳ್ಳೆಯದು. ಕರೆಂಟ್ ವೈರಿನ ಪಕ್ಕದಲ್ಲೇ ಉದ್ದಕ್ಕೂ ಓಡಿಸಬೇಡಿ, ದಾಟಲೇಬೇಕಾದರೆ ಅಡ್ಡ ದಾಟಿಸಿ.

ಸಣ್ಣಪುಟ್ಟವು ಇನ್ನೂ ಇವೆ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ತಾಳಕ್ಕೆ ಕಾಲು ತಟ್ಟುವ ಅಭ್ಯಾಸ ಇದ್ದರೆ ಸ್ಟ್ಯಾಂಡ್ ಕೆಳಗೆ ದಪ್ಪ ಚಾಪೆ ಹಾಸಿ, ಮೈಕಿಗೆ ಶಾಕ್ ಮೌಂಟ್ ಹಾಕಿ. ಕ್ಲಿಕ್ ಟ್ರ್ಯಾಕ್ ಹೆಡ್‌ಫೋನ್‌ನಿಂದ ಸೋರಿ ಮೈಕಿಗೆ ಬೀಳದ ಹಾಗೆ ವಾಲ್ಯೂಮ್ ಇಳಿಸಿ. ನಡುನಡುವೆ ಚಟ್ ಚಟ್ ಅಂದರೆ ಅದು ನಾಯ್ಸ್ ಅಲ್ಲ, ಕಂಪ್ಯೂಟರ್ ಹಿಂದೆ ಬೀಳುತ್ತಿದೆ, ಬಫರ್ ಸೈಜ್ ಹೆಚ್ಚಿಸಿ.

ಇಷ್ಟಾದ ಮೇಲೆ ಸಾಫ್ಟ್‌ವೇರ್. ನಿಮ್ಮ ದನಿ ನೀರಿನೊಳಗೆ ಹೋಗಿದ್ದಕ್ಕೆ ಕಾರಣ ಪ್ಲಗಿನ್ ಕೆಟ್ಟದ್ದು ಅಂತಲ್ಲ. ಅದರಿಂದ ತುಂಬ ಜಾಸ್ತಿ ಕೇಳಿದಿರಿ. ಬಟ್ಟೆಯ ಕಲೆಯನ್ನು ಗಸಗಸ ಉಜ್ಜಿದರೆ ಬಣ್ಣವೂ ಬಿಡುತ್ತದಲ್ಲ, ಹಾಗೆ. ಸುಯ್ ಅನ್ನುವ ಸದ್ದು ಮತ್ತು ‘ಸ’ ‘ಶ’ ಅಕ್ಷರಗಳ ಉಸಿರು ಒಂದೇ ಜಾಗದ ಸ್ವರಗಳಲ್ಲಿ ಕೂತಿರುತ್ತವೆ. ಒಂದನ್ನು ಪೂರ್ತಿ ಕಿತ್ತರೆ ಇನ್ನೊಂದೂ ಬರುತ್ತದೆ.

ಪ್ರತಿ ಟೇಕ್ ಶುರುವಿನಲ್ಲಿ ಐದಾರು ಸೆಕೆಂಡ್ ಅಲ್ಲಾಡದೆ, ಜೋರಾಗಿ ಉಸಿರಾಡದೆ ನಿಂತು ಕೋಣೆಯ ಸದ್ದನ್ನು ಮಾತ್ರ ರೆಕಾರ್ಡ್ ಮಾಡಿ. ಆ ತುಣುಕನ್ನೇ ನಾಯ್ಸ್ ಮಾದರಿಯಾಗಿ ಕೊಡಿ. ಕಂಪ್ರೆಸರ್‌ಗಿಂತ ಮುಂಚೆ, ಒಂದೊಂದು ಟ್ರ್ಯಾಕ್‌ಗೂ ಬೇರೆಯಾಗಿ ಮಾಡಿ. ಒಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಎಷ್ಟು ಡೆಸಿಬೆಲ್ ತಗ್ಗಿಸಬೇಕು ಅಂತ ನೀವೇ ಹೇಳಬಹುದು. ನಾನು 6ರಿಂದ ಶುರು ಮಾಡಿ ಅನ್ನುತ್ತೇನೆ. ಅದೇ ಕಿಟಕಿಯಲ್ಲಿ ರೆಸಿಡ್ಯೂ ಅನ್ನುವ ಆಯ್ಕೆ ಇದೆ. ಅದನ್ನು ಒತ್ತಿದರೆ ತೆಗೆದುಹಾಕುವ ಸದ್ದನ್ನು ಮಾತ್ರ ಕೇಳಿಸುತ್ತದೆ. ಕಣ್ಣು ಮುಚ್ಚಿ ಕೇಳಿ. ಬರೀ ಸುಯ್ ಇದ್ದರೆ ಸರಿ. ಅದರಲ್ಲಿ ನಿಮ್ಮ ಹಾಡಿನ ಮಾತು ಗುರುತು ಹಿಡಿಯುವ ಹಾಗೆ ಕೇಳಿದರೆ ದನಿಯನ್ನೇ ಕೀಳುತ್ತಿದ್ದೀರಿ, ಇಳಿಸಿ. ಈ ವಿಧಾನ ಒಂದೇ ಸಮ ಇರುವ ಸದ್ದಿಗೆ ಮಾತ್ರ. ಹಾರ್ನ್, ನಾಯಿ ಬೊಗಳಿದ್ದು, ಬಾಗಿಲು ಬಡಿದಿದ್ದು ಇದ್ದರೆ ಇನ್ನೊಂದು ಟೇಕ್ ಹಾಡುವುದೇ ಬೇಗ ಆಗುತ್ತದೆ.

ಪ್ಲಗಿನ್‌ಗಿಂತ ನನಗೆ ಹೆಚ್ಚು ನಂಬಿಕೆ ಕತ್ತರಿಯ ಮೇಲೆ. ನೀವು ಹಾಡದ, ನುಡಿಸದ ಜಾಗಗಳನ್ನು ಪ್ರತಿ ಟ್ರ್ಯಾಕ್‌ನಲ್ಲೂ ಕತ್ತರಿಸಿ, ಎರಡೂ ತುದಿಗೆ ಸಣ್ಣ ಫೇಡ್ ಹಾಕಿ. ಎಂಟು ಟ್ರ್ಯಾಕ್ ಒಟ್ಟಿಗೆ ಸದ್ದು ಮಾಡುವ ಜಾಗಗಳೇ ಕಡಿಮೆ. ಮೆಲುವಾದ ಕಡೆ ಎರಡೇ ಟ್ರ್ಯಾಕ್ ತೆರೆದಿದ್ದರೆ ಆ 9 ಡೆಸಿಬೆಲ್‌ನಲ್ಲಿ 6 ಅಲ್ಲೇ ವಾಪಸ್ ಬಂತು. ಸಾಲುಗಳ ನಡುವಿನ ಉಸಿರನ್ನು ಮಾತ್ರ ಕತ್ತರಿಸಬೇಡಿ, ಹಾಡು ಮನುಷ್ಯರದ್ದಲ್ಲ ಅನ್ನಿಸುತ್ತದೆ. ಮೆಲು ಸದ್ದನ್ನು ತಾನಾಗಿಯೇ ಪೂರ್ತಿ ಮುಚ್ಚುವ ಗೇಟ್ ಹಾಕಿದರೆ ಸುಯ್ ಒಮ್ಮೆ ಬಂದು ಒಮ್ಮೆ ಹೋಗಿ ಇನ್ನೂ ಜಾಸ್ತಿ ಗಮನ ಸೆಳೆಯುತ್ತದೆ. ಅದರ ಬದಲು, ಮುಚ್ಚದೆ ಬರೀ ತಗ್ಗಿಸುವ ಎಕ್ಸ್‌ಪ್ಯಾಂಡರ್‌ನಲ್ಲಿ 6ರಿಂದ 10 ಡೆಸಿಬೆಲ್ ಇಳಿಯುವಷ್ಟು ಮಾಡಿದರೆ ಸಾಕು.

ತಗ್ಗು ಸ್ವರಗಳನ್ನು ಕತ್ತರಿಸುವ ಹೈಪಾಸ್ ಫಿಲ್ಟರ್ ಹಾಕುವಾಗ ನೋಡಿ ಹಾಕಿ. ಗಿಟಾರ್‌ನ ಅತಿ ತಗ್ಗಿನ ತಂತಿ 82 ಹರ್ಟ್ಸ್. ಅದರ ಮೇಲೆ ಕತ್ತರಿಸಿದರೆ ಗಿಟಾರ್ ಬಡವಾಗುತ್ತದೆ. ಹಾಡಿನ ಟ್ರ್ಯಾಕ್‌ಗೆ 80ರಿಂದ ಶುರು ಮಾಡಿ, ದನಿ ತೆಳುವಾಗುವ ತನಕ ಏರಿಸಿ, ಅಲ್ಲಿಂದ ಸ್ವಲ್ಪ ವಾಪಸ್ ಬನ್ನಿ.

ಎಷ್ಟು ಆದರೆ ಸಾಕು ಅನ್ನುವುದಕ್ಕೆ ನನ್ನ ಅಳತೆ ಇದು. ಹಾಡಿದಾಗ ಮೀಟರ್ ಮೈನಸ್ 12, ಸುಮ್ಮನಿದ್ದಾಗ ಮೈನಸ್ 70ರ ಹತ್ತಿರ ಇದ್ದರೆ ಮನೆಯ ರೆಕಾರ್ಡಿಂಗ್‌ಗೆ ತುಂಬ ಒಳ್ಳೆಯದು. ಮೈನಸ್ 60 ಇದ್ದರೆ ವಾದ್ಯಗಳು ತುಂಬಿರುವ ಹಾಡಿಗೆ ನಡೆಯುತ್ತದೆ, ಬರೀ ದನಿ ಮತ್ತು ಒಂದು ಗಿಟಾರ್ ಇರುವ ಹಾಡಿಗೆ ಸುಯ್ ಕೇಳಿಸುತ್ತದೆ. ಮೈನಸ್ 50 ಇದ್ದರೆ ರೆಕಾರ್ಡ್ ಮಾಡಬೇಡಿ, ಮೈಕ್ ಮತ್ತೆ ತಿರುಗಿಸಿ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ದುಡ್ಡು ಖರ್ಚು ಮಾಡಬೇಕು ಅನ್ನಿಸಿದರೆ, ಮೊದಲು ಮೈಕನ್ನು ಬೇಕಾದ ಕೋನಕ್ಕೆ ತಿರುಗಿಸಿ ನಿಲ್ಲಿಸಬಹುದಾದ ಗಟ್ಟಿ ಬೂಮ್ ಸ್ಟ್ಯಾಂಡ್ ತಗೊಳ್ಳಿ. ಆಮೇಲೆ ಲ್ಯಾಪ್‌ಟಾಪನ್ನು ಕೋಣೆಯ ಇನ್ನೊಂದು ಮೂಲೆಗೆ ಕಳಿಸುವಷ್ಟು ಉದ್ದದ ಎಕ್ಸ್‌ಎಲ್‌ಆರ್ ಕೇಬಲ್. ಮೂರನೆಯದಾಗಿ ಹತ್ತು ಸೆಂಟಿಮೀಟರ್ ದಪ್ಪದ ರಾಕ್‌ವೂಲ್ ಪ್ಯಾನೆಲ್ ಎರಡು, ಬಟ್ಟೆಯಲ್ಲಿ ಪೂರ್ತಿ ಮುಚ್ಚಿದವು, ಹಾಡುವವರ ಬೆನ್ನ ಹಿಂದೆ ನಿಲ್ಲಿಸಲು. ಮೈಕ್ ವಿಷಯವನ್ನು ಅದಾದ ಮೇಲೆ, ಬೀರುವಿನ ಪರೀಕ್ಷೆ ಇನ್ನೊಂದು ಸಲ ಮಾಡಿಕೊಂಡು ನೋಡಿ.